ಎಲ್‌ಪಿ ತೊಳೆಯಲು ಅಲ್ಟ್ರಾಸೋನಿಕ್ ಯಂತ್ರ: ಯಾವುದು ಕೊಳ್ಳಬೇಕು, ಹೇಗೆ ಬಳಸಬೇಕು

ಅಪ್ಪನ ಕಾಲದ ಎಲ್‌ಪಿಗಳನ್ನು, ಅಂದರೆ ದೊಡ್ಡ ಗ್ರಾಮಫೋನ್ ರೆಕಾರ್ಡುಗಳನ್ನು, ಅಟ್ಟದಿಂದ ಇಳಿಸಿದವರು, ಬೆಂಗಳೂರಿನ ಚಿಕ್ಕಪೇಟೆ ಕಡೆಯ ಭಾನುವಾರದ ಬಜಾರಿನಿಂದ ಹಳೆಯ ರೆಕಾರ್ಡ್ ತಂದವರು, ಎಲ್ಲರೂ ಕೇಳುವುದು ಒಂದೇ. "ಬಟ್ಟೆಯಲ್ಲಿ ಎಷ್ಟು ಒರೆಸಿದರೂ ಕರಕರ ಸದ್ದು ಹೋಗುತ್ತಿಲ್ಲ. ಅಲ್ಟ್ರಾಸೋನಿಕ್ ಯಂತ್ರ ತಗೊಳ್ಳಲಾ? ಯಾವುದು ಒಳ್ಳೆಯದು? ರೆಕಾರ್ಡ್ ಹಾಳಾಗಲ್ವಾ?" ಒಬ್ಬೊಬ್ಬರಿಗೂ ಬೇರೆ ಬೇರೆ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಈ ಯಂತ್ರ ಕೊಳೆಯನ್ನು ಬಿಡಿಸುತ್ತದೆ, ಅಷ್ಟೇ. ಬಿಟ್ಟ ಕೊಳೆ ನೀರಿನಲ್ಲೇ ತೇಲುತ್ತಿರುತ್ತದೆ. ಆ ನೀರು ರೆಕಾರ್ಡಿನ ಮೇಲೆ ಒಣಗಿದರೆ ಕೊಳೆ ಮತ್ತೆ ಅದೇ ಜಾಗಕ್ಕೆ ಹೋಗಿ ಕೂರುತ್ತದೆ. ದುಬಾರಿ ಯಂತ್ರ ತಂದು ನಿರಾಶರಾದವರಲ್ಲಿ ಹೆಚ್ಚಿನವರು ತಪ್ಪಿದ್ದು ಇಲ್ಲೇ. ಹಾಗಾಗಿ ಯಂತ್ರದಷ್ಟೇ ನೀರಿನ ಬಗ್ಗೆಯೂ ಒಣಗಿಸುವ ಬಗ್ಗೆಯೂ ಬರೆದಿದ್ದೇನೆ. ದಯವಿಟ್ಟು ಆ ಭಾಗಗಳನ್ನು ಹಾರಿಸಿ ಓದಬೇಡಿ.

ಯಂತ್ರದೊಳಗೆ ಆಗುವುದೇನು

ಕನ್ನಡಕದ ಅಂಗಡಿಯಲ್ಲಿ ಸಣ್ಣ ಸ್ಟೀಲ್ ತೊಟ್ಟಿಯೊಳಗೆ ಕನ್ನಡಕ ಮುಳುಗಿಸಿ, "ಝೀ" ಅಂತ ಸದ್ದು ಬರುತ್ತಿದ್ದ ಹಾಗೇ ಕೊಳೆ ಹೊಗೆಯಂತೆ ಹೊರಗೆ ಬರುವುದನ್ನು ನೀವು ನೋಡಿರಬಹುದು. ಇದೂ ಅದೇ. ತೊಟ್ಟಿಯ ತಳಕ್ಕೆ ಹೊರಗಿನಿಂದ ಟ್ರಾನ್ಸ್‌ಡ್ಯೂಸರ್‌ಗಳನ್ನು ಅಂಟಿಸಿರುತ್ತಾರೆ. ಟ್ರಾನ್ಸ್‌ಡ್ಯೂಸರ್ ಅಂದರೆ ಕರೆಂಟನ್ನು ನಡುಕವಾಗಿ ಬದಲಾಯಿಸುವ ಬಿಲ್ಲೆ. 40 ಕಿಲೋಹರ್ಟ್ಸ್ ಯಂತ್ರದಲ್ಲಿ ಅದು ಸೆಕೆಂಡಿಗೆ 40,000 ಸಲ ನಡುಗುತ್ತದೆ. ಆ ನಡುಕಕ್ಕೆ ನೀರಿನೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಗುಳ್ಳೆಗಳು ಹುಟ್ಟುತ್ತವೆ, ಹುಟ್ಟಿದ ತಕ್ಷಣ ಒಳಗೇ ಕುಸಿಯುತ್ತವೆ. ಪ್ರತಿ ಕುಸಿತವೂ ಒಂದು ಪುಟ್ಟ ಏಟು. ಇದಕ್ಕೇ ಕ್ಯಾವಿಟೇಶನ್ ಅನ್ನುವುದು.

ಎಲ್‌ಪಿಯಲ್ಲಿ ಹಾಡು ಇರುವುದು ಒಂದು ಸಣ್ಣ ಕಾಲುವೆಯಂಥ ಗೆರೆಯಲ್ಲಿ. ಇಂಗ್ಲಿಷಿನಲ್ಲಿ ಗ್ರೂವ್ ಅನ್ನುತ್ತಾರೆ. ಅದರ ಅಗಲ ಹೆಚ್ಚುಕಡಿಮೆ ನಮ್ಮ ತಲೆಗೂದಲಿನಷ್ಟೇ. ಬಟ್ಟೆಯಾಗಲಿ ಬ್ರಷ್ಷಾಗಲಿ ಅದರ ತಳದವರೆಗೆ ಹೋಗುವುದು ಕಷ್ಟ. ನೀರು ಹೋಗುತ್ತದೆ, ಗುಳ್ಳೆಯೂ ಹೋಗುತ್ತದೆ. ಈ ವಿಧಾನದ ಲಾಭ ಇರುವುದು ಇಲ್ಲಿ.

ಯಂತ್ರದ ಕೈಯಲ್ಲಿ ಆಗದ್ದನ್ನೂ ಹೇಳಬೇಕು. ಗೀರು ಹೋಗುವುದಿಲ್ಲ. ರೆಕಾರ್ಡ್ ಪ್ಲೇಯರಿನ ಸವೆದ ಮುಳ್ಳಿನಲ್ಲಿ ನೂರಾರು ಸಲ ಹಾಕಿ ತಿಕ್ಕಿಹೋದ ಗೆರೆ ಮತ್ತೆ ಮೊದಲಿನಂತಾಗುವುದಿಲ್ಲ. ಸೊಟ್ಟಗಾದ ರೆಕಾರ್ಡ್ ನೆಟ್ಟಗಾಗುವುದಿಲ್ಲ.

1. ನಿಮಗೆ ಯಂತ್ರ ಬೇಕೇ ಬೇಕಾ, ಮೊದಲು ಯೋಚಿಸಿ

ಮೂವತ್ತು ನಲವತ್ತು ಎಲ್‌ಪಿ ಇದ್ದರೆ ನನ್ನ ಪ್ರಕಾರ ಬೇಡ. ಸ್ಪಿನ್-ಕ್ಲೀನ್, ನೋಸ್ಟಿ ಥರದ ಕೈಯಲ್ಲೇ ತಿರುಗಿಸಿ ತೊಳೆಯುವ ತೊಟ್ಟಿ ಸಾಕು. ನೂರಿನ್ನೂರು ದಾಟಿದ್ದರೆ, ಅಥವಾ ಹಳೆಯ ರೆಕಾರ್ಡ್ ಕೊಳ್ಳುವ ಅಭ್ಯಾಸ ಇದ್ದರೆ ಯಂತ್ರ ತಗೊಳ್ಳುವುದರಲ್ಲಿ ಅರ್ಥವಿದೆ. ನಾಲ್ಕೈದು ಗೆಳೆಯರು ಸೇರಿ ಒಂದು ಯಂತ್ರ ಕೊಂಡರೆ ಇನ್ನೂ ಒಳ್ಳೆಯದು. ಒಂದು ರೆಕಾರ್ಡನ್ನು ಒಮ್ಮೆ ಚೆನ್ನಾಗಿ ತೊಳೆದು ಹೊಸ ಕವರಿನಲ್ಲಿ ಇಟ್ಟರೆ ವರ್ಷಗಟ್ಟಲೆ ಮತ್ತೆ ತೊಳೆಯುವ ಕೆಲಸವಿಲ್ಲ.

2. ರೆಕಾರ್ಡ್ ಯಾವುದರಿಂದ ಮಾಡಿದ್ದು ಅಂತ ಗುರುತಿಸಿ

ಇದನ್ನು ತಪ್ಪಿದರೆ ರೆಕಾರ್ಡೇ ಹೋಯಿತು. ನಮ್ಮ ಮನೆಗಳ ಹಳೆಯ ಪೆಟ್ಟಿಗೆಗಳಲ್ಲಿ ಮೂರು ಜಾತಿ ಸಿಗುತ್ತವೆ.

ವಿನೈಲ್: 33⅓ ವೇಗದ (ಅಂದರೆ ನಿಮಿಷಕ್ಕೆ 33⅓ ಸುತ್ತು ತಿರುಗುವ) ಎಲ್‌ಪಿ, 45 ವೇಗದ 7 ಇಂಚಿನ ಚಿಕ್ಕ ರೆಕಾರ್ಡ್. ಎಲ್‌ಪಿ ಬಂದದ್ದು 1948ರಲ್ಲಿ, ಅಮೆರಿಕದ ಕೊಲಂಬಿಯಾ ಕಂಪನಿಯಿಂದ. ಮರುವರ್ಷ ಆರ್‌ಸಿಎ ಕಂಪನಿ 45 ತಂದಿತು. ಇವು ಪ್ಲಾಸ್ಟಿಕ್, ಸ್ವಲ್ಪ ಬಾಗುತ್ತವೆ. ಯಂತ್ರಕ್ಕೆ ಹಾಕಬಹುದು.

ಶೆಲ್ಯಾಕ್: ಅಜ್ಜನ ಕಾಲದ 78 ವೇಗದ ತಟ್ಟೆಗಳು. ರಂಗಗೀತೆ, ಸಂಗೀತ ವಿದ್ವಾಂಸರ ಕೀರ್ತನೆ ಇರುವ, ಒಂದು ಬದಿಗೆ ಮೂರು ಮೂರೂವರೆ ನಿಮಿಷ ಹಾಡುವ, ಕೈಗೆ ಭಾರವಾದ 10 ಇಂಚಿನ ತಟ್ಟೆ. ಬಾಗುವುದಿಲ್ಲ, ಬಿದ್ದರೆ ಒಡೆಯುತ್ತದೆ. ಇದು ಅರಗಿನಿಂದ ಮಾಡಿದ್ದು. ಅರಗಿನ ಜೊತೆ ಕಲ್ಲಿನ ನುಣುಪು ಪುಡಿ ಸೇರಿಸಿರುತ್ತಾರೆ. ಸ್ಪಿರಿಟ್ ತಾಗಿದರೆ ಅರಗು ಕರಗುತ್ತದೆ. ನೀರಲ್ಲಿ ಹೆಚ್ಚು ಹೊತ್ತು ಬಿಟ್ಟರೂ ಒಳ್ಳೆಯದಲ್ಲ, ಸಣ್ಣ ಬಿರುಕಿನಿಂದ ನೀರು ಒಳಗೆ ಇಳಿಯುತ್ತದೆ. ನಾನು 78ರ ತಟ್ಟೆಯನ್ನು ಯಂತ್ರಕ್ಕೆ ಹಾಕುವುದಿಲ್ಲ. ತಣ್ಣಗಿನ ಶುದ್ಧ ನೀರಲ್ಲಿ ಮೆತ್ತಗಿನ ಬ್ರಷ್ಷಿನಿಂದ ಬೇಗ ಬೇಗ ತೊಳೆದು ಕೂಡಲೇ ಒರೆಸಿಡುತ್ತೇನೆ. ನೀವೂ ಹಾಗೇ ಮಾಡಿ.

ಲ್ಯಾಕರ್ ತಟ್ಟೆ: ಅಪರೂಪ. ರೇಡಿಯೋ ನಿಲಯಗಳಲ್ಲಿ, ಸ್ಟುಡಿಯೋಗಳಲ್ಲಿ ಒಂದೇ ಒಂದು ಪ್ರತಿ ಅಂತ ಕೊರೆಯುತ್ತಿದ್ದದ್ದು. ಅಲ್ಯೂಮಿನಿಯಂ ತಟ್ಟೆಯ ಮೇಲೆ ಬಣ್ಣದ ಪದರದ ಹಾಗೆ ಲ್ಯಾಕರ್ ಬಳಿದಿರುತ್ತದೆ. ಅಂಚಿನಲ್ಲಿ ಲೋಹ ಕಾಣಿಸಿದರೆ, ಲೇಬಲ್ ಮೇಲೆ ಕೈಬರಹ ಇದ್ದರೆ ಅನುಮಾನಪಡಿ. ಯಂತ್ರಕ್ಕೆ ಹಾಕಿದರೆ ಪದರ ಎದ್ದುಬರಬಹುದು. ಆ ಧ್ವನಿ ಬೇರೆಲ್ಲೂ ಸಿಗುವುದಿಲ್ಲ. ಇದನ್ನು ಮನೆಯಲ್ಲಿ ತೊಳೆಯಲೇಬೇಡಿ, ಹಳೆಯ ಧ್ವನಿಮುದ್ರಣ ಕಾಪಾಡುವ ಕೆಲಸ ಗೊತ್ತಿರುವವರಿಗೇ ಕೊಡಿ.

3. ಯಂತ್ರ ಆರಿಸುವುದು

ಎರಡು ದಾರಿ ಇದೆ.

ಮೊದಲನೆಯದು ರೆಕಾರ್ಡಿಗೆಂದೇ ಮಾಡಿದ ಯಂತ್ರ. ಬ್ರೆಡ್ ಟೋಸ್ಟರಿನಲ್ಲಿ ಬ್ರೆಡ್ ಇಳಿಸುವಂತೆ ಮೇಲಿನ ಸೀಳಿನಲ್ಲಿ ರೆಕಾರ್ಡ್ ಇಟ್ಟರಾಯಿತು. ಅದೇ ತಿರುಗಿಸಿ ತೊಳೆದು ಗಾಳಿ ಬಿಟ್ಟು ಒಣಗಿಸುತ್ತದೆ. ಎಸ್ಟೋನಿಯಾದ ಡಿಗ್ರಿಟರ್ 120 ಕಿಲೋಹರ್ಟ್ಸ್‌ನದು. ಜರ್ಮನಿಯ ಆಡಿಯೋ ಡೆಸ್ಕ್ ಕೂಡ ಹೆಸರು ಮಾಡಿದೆ. ಇವೆರಡೂ ಲಕ್ಷಗಳ ಲೆಕ್ಕದ ಮಾತು. ಹಾಂಗ್‌ಕಾಂಗ್‌ನ ಹಮ್ಮಿನ್‌ಗುರು 40 ಕಿಲೋಹರ್ಟ್ಸ್‌ನದು, ಚಿಕ್ಕದು, ಬೆಲೆಯೂ ಅವುಗಳಿಗಿಂತ ತುಂಬ ಕಡಿಮೆ. ಒಂದು ಸಲಕ್ಕೆ ಒಂದೇ ರೆಕಾರ್ಡ್.

ಎರಡನೆಯದು ಸಾಮಾನ್ಯ ಅಲ್ಟ್ರಾಸೋನಿಕ್ ತೊಟ್ಟಿ ತಂದು, ಅದರ ಮೇಲೆ ರೆಕಾರ್ಡ್ ತಿರುಗಿಸುವ ಕಡ್ಡಿ ಮತ್ತು ಮೋಟಾರು ಕೂರಿಸುವುದು. ಪ್ರಯೋಗಾಲಯ, ದಂತವೈದ್ಯರು, ಗಡಿಯಾರ ರಿಪೇರಿಯವರು ಬಳಸುವ ತೊಟ್ಟಿಯೇ ಇದು. ಖರ್ಚು ಕಡಿಮೆ, ಒಂದೇ ಸಲಕ್ಕೆ ಮೂರು ರೆಕಾರ್ಡ್ ತೊಳೆಯಬಹುದು. ಆದರೆ ಕೈಕೆಲಸ ಜಾಸ್ತಿ, ಎಚ್ಚರವೂ ಜಾಸ್ತಿ ಬೇಕು. ನಾನು ಬಳಸುವುದು ಇದನ್ನೇ. ತಾಳ್ಮೆ ಇರುವವರಿಗೆ ಇದನ್ನೇ ಹೇಳುತ್ತೇನೆ. ಗುಂಡಿ ಒತ್ತಿ ಬೇರೆ ಕೆಲಸಕ್ಕೆ ಹೋಗಬೇಕು ಅನ್ನುವವರು ಮೊದಲ ದಾರಿಗೆ ಹೋಗಿ.

ತೊಟ್ಟಿ ಕೊಳ್ಳುವಾಗ ನೋಡಬೇಕಾದ್ದು ಇಷ್ಟು.

ಅಳತೆ. ಎಲ್‌ಪಿಯ ಅಡ್ಡಳತೆ 30 ಸೆಂ.ಮೀ., ನಡುವಿನ ಲೇಬಲ್ 10 ಸೆಂ.ಮೀ. ಅಂಚಿನಿಂದ ಲೇಬಲ್‌ವರೆಗೆ 10 ಸೆಂ.ಮೀ. ಆಯಿತು. ಅಷ್ಟು ಆಳ ಮುಳುಗಿಸಿದಾಗ ನೀರಿನ ಮಟ್ಟದಲ್ಲಿ ರೆಕಾರ್ಡಿನ ಅಗಲ ಸುಮಾರು 28.3 ಸೆಂ.ಮೀ. ಬರುತ್ತದೆ. ಹಾಗಾಗಿ ತೊಟ್ಟಿಯ ಒಳಗಿನ ಉದ್ದ 30 ಸೆಂ.ಮೀ. ಇರಲೇಬೇಕು, ಆಳ 15 ಸೆಂ.ಮೀ. ಬೇಕು. ಮಾರುಕಟ್ಟೆಯಲ್ಲಿ 6 ಲೀಟರಿನದು ಅಂತ ಸಿಗುವ ತೊಟ್ಟಿ ಸಾಮಾನ್ಯವಾಗಿ 30, 15, 15 ಇರುತ್ತದೆ. ಹೊರಗಿನ ಅಳತೆ ನೋಡಿ ಮೋಸಹೋಗಬೇಡಿ, ಒಳಗಿನ ಅಳತೆ ಕೇಳಿ.

ಕಿಲೋಹರ್ಟ್ಸ್. ಸಂಖ್ಯೆ ಕಡಿಮೆಯಾದಷ್ಟೂ ಗುಳ್ಳೆ ದೊಡ್ಡದು, ಏಟು ಜೋರು. ಸಂಖ್ಯೆ ಹೆಚ್ಚಿದಷ್ಟೂ ಗುಳ್ಳೆ ಸಣ್ಣದು, ಏಟು ಮೆತ್ತಗೆ. 120ರ ಗುಳ್ಳೆ 40ರದ್ದರ ಮೂರನೇ ಒಂದು ಪಾಲಿನಷ್ಟು. 20ರಿಂದ 28ರವರೆಗಿನವು ಲೋಹದ ಬಿಡಿಭಾಗ ತೊಳೆಯಲಿಕ್ಕೆ ಇರುವಂಥವು, ರೆಕಾರ್ಡಿಗೆ ಬೇಡ. 40 ಸಾಕು, ಹಣ ಇದ್ದರೆ 80 ಅಥವಾ 120. ಜರ್ಮನಿಯ ಎಲ್ಮಾ ಕಂಪನಿಯ ಕೆಲವು ತೊಟ್ಟಿಗಳಲ್ಲಿ 37 ಮತ್ತು 80 ಎರಡೂ ಇವೆ, ಬೇಕಾದ್ದನ್ನು ಆರಿಸಬಹುದು.

ವ್ಯಾಟ್. ಇಲ್ಲಿ ಮಾರುವವರು ಆಟ ಆಡುತ್ತಾರೆ. "480 ವ್ಯಾಟ್" ಅಂತ ದೊಡ್ಡದಾಗಿ ಹಾಕಿರುತ್ತಾರೆ. ಬಿಡಿಸಿ ನೋಡಿದರೆ ಅದರಲ್ಲಿ 300 ಹೀಟರಿನದ್ದು, 180 ಮಾತ್ರ ಅಲ್ಟ್ರಾಸೋನಿಕ್‌ನದ್ದು. 6 ಲೀಟರಿಗೆ 180 ವ್ಯಾಟ್ ಸಾಕು, ಅಂದರೆ ಲೀಟರಿಗೆ 30. ಅದಕ್ಕಿಂತ ತುಂಬ ಜಾಸ್ತಿ ಇದ್ದರೆ ಒಳ್ಳೆಯದು ಅಂದುಕೊಳ್ಳಬೇಡಿ, ರೆಕಾರ್ಡಿಗೆ ಅಷ್ಟು ಹೊಡೆತ ಬೇಕಾಗಿಲ್ಲ.

ನೀರು ಬಿಡುವ ನಲ್ಲಿ. ಇದಿಲ್ಲದ ತೊಟ್ಟಿ ತಗೊಳ್ಳಬೇಡಿ. ಆರು ಲೀಟರ್ ನೀರು ತುಂಬಿದ ಯಂತ್ರವನ್ನು ಎತ್ತಿ ಬಗ್ಗಿಸುವಾಗ ಒಳಗಿನ ಸರ್ಕ್ಯೂಟಿಗೆ ನೀರು ಹೋದರೆ ಅಲ್ಲಿಗೆ ಮುಗಿಯಿತು.

ಇನ್ನೊಂದು ವಿಷಯ. ಅಮೆರಿಕದಲ್ಲಿರುವ ಮಗನೋ ಅಳಿಯನೋ ಬರುವಾಗ ಅಲ್ಲಿಂದ ಯಂತ್ರ ತರಿಸುವವರಿದ್ದಾರೆ. ಅಲ್ಲಿನ ಕರೆಂಟು 120 ವೋಲ್ಟ್, ನಮ್ಮದು 230. ಯಂತ್ರದ ಹಿಂದಿನ ಪಟ್ಟಿಯಲ್ಲಿ 220–240 ಅಂತ ಬರೆದಿಲ್ಲದಿದ್ದರೆ ನೇರ ಪ್ಲಗ್ಗಿಗೆ ಹಾಕಬೇಡಿ, ಸುಟ್ಟುಹೋಗುತ್ತದೆ. ತರಿಸುವ ಮೊದಲೇ ವಿಚಾರಿಸಿ.

ತಿರುಗಿಸುವ ಮೋಟಾರು ನಿಧಾನ ಇರಬೇಕು. ಒಂದು ಸುತ್ತಿಗೆ ಒಂದೆರಡು ನಿಮಿಷ ಹಿಡಿದರೆ ಚೆನ್ನ. ಕಡ್ಡಿ, ಲೇಬಲ್ ಮುಚ್ಚುವ ರಬ್ಬರ್ ಬಿಲ್ಲೆ ಎಲ್ಲ ಸೇರಿದ ಸಿದ್ಧ ಕಿಟ್ ಸಿಗುತ್ತದೆ. ಕೈಕೆಲಸ ಗೊತ್ತಿದ್ದವರಿಗೆ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ನಿಧಾನ ತಿರುಗುವ ಗೇರ್ ಮೋಟಾರು ಹುಡುಕುವುದು ಕಷ್ಟವಲ್ಲ.

4. ಜಾಗ, ಕರೆಂಟು, ಮೊದಲ ಪರೀಕ್ಷೆ

ನೀರು ಮತ್ತು ಕರೆಂಟು ಒಂದೇ ಮೇಜಿನ ಮೇಲೆ ಇರುತ್ತವೆ ಅನ್ನುವುದನ್ನು ಒಂದು ಕ್ಷಣವೂ ಮರೆಯಬೇಡಿ. ಮೂರು ಪಿನ್ನಿನ ಪ್ಲಗ್ಗು, ಸರಿಯಾದ ಅರ್ತಿಂಗ್ ಇರುವ ಸಾಕೆಟ್ ಬೇಕು. ಮನೆಯಲ್ಲಿ ಆರ್‌ಸಿಸಿಬಿ ಇದ್ದರೆ ನಿಶ್ಚಿಂತೆ. ಆರ್‌ಸಿಸಿಬಿ ಅಂದರೆ ಕರೆಂಟ್ ಸೋರಿದ ತಕ್ಷಣ ಲೈನ್ ಕಡಿದುಹಾಕುವ ಸ್ವಿಚ್. ಇಲ್ಲದಿದ್ದರೆ ಎಲೆಕ್ಟ್ರಿಷಿಯನ್ ಕರೆಸಿ ಹಾಕಿಸಿ. ಸಾಕೆಟ್ ನೀರಿನ ತೊಟ್ಟಿಗಿಂತ ಮೇಲೆ, ಸ್ವಲ್ಪ ದೂರ ಇರಲಿ. ನೆಲದ ಮೇಲೆ ಬಿದ್ದಿರುವ ಎಕ್ಸ್‌ಟೆನ್ಷನ್ ಬಾಕ್ಸ್ ಬೇಡವೇ ಬೇಡ.

ಈ ನಾಲ್ಕನ್ನು ಯಂತ್ರದ ಪಕ್ಕದ ಗೋಡೆಗೆ ಬರೆದು ಅಂಟಿಸಿ:
– ನೀರಿಲ್ಲದೆ ಯಂತ್ರ ಚಾಲೂ ಮಾಡಬಾರದು. ಕೆಲವೇ ಹೊತ್ತಿನಲ್ಲಿ ಟ್ರಾನ್ಸ್‌ಡ್ಯೂಸರ್ ಕೆಡುತ್ತದೆ.
– ಓಡುತ್ತಿರುವಾಗ ನೀರಿಗೆ ಕೈ ಹಾಕಬಾರದು. ಲೋಹವನ್ನು ತೂತು ಮಾಡುವ ಗುಳ್ಳೆ ಚರ್ಮ, ಗಂಟು, ಮೂಳೆಯನ್ನು ಬಿಡುವುದಿಲ್ಲ. ರೆಕಾರ್ಡ್ ಸರಿಪಡಿಸಬೇಕಾದರೂ ಆಫ್ ಮಾಡಿಯೇ.
– ಯಾವ ವಸ್ತುವನ್ನೂ ತಳಕ್ಕೆ ತಾಗಿಸಿ ಇಡಬಾರದು.
– ನೀರು ತುಂಬುವಾಗ, ಖಾಲಿ ಮಾಡುವಾಗ ಪ್ಲಗ್ಗು ಹೊರಗೆ ತೆಗೆದಿರಬೇಕು.

ಸದ್ದಿನ ಬಗ್ಗೆಯೂ ಹೇಳಬೇಕು. 40,000 ನಡುಕ ಕಿವಿಗೆ ಕೇಳುವುದಿಲ್ಲ ನಿಜ, ಆದರೆ ಗುಳ್ಳೆಗಳು ಒಡೆಯುವ ಕೀರಲು ಸದ್ದು ಕೇಳುತ್ತದೆ. ಅದು ಸಣ್ಣದಲ್ಲ. ಇಯರ್ ಪ್ಲಗ್ ಹಾಕಿಕೊಳ್ಳಿ ಅಥವಾ ಬಾಗಿಲು ಎಳೆದು ಪಕ್ಕದ ಕೋಣೆಯಲ್ಲಿರಿ. ನಾಯಿ ಬೆಕ್ಕಿಗೆ ನಮಗಿಂತ ಹೆಚ್ಚು ಕೇಳುತ್ತದೆ, ಅವನ್ನು ಹತ್ತಿರ ಬಿಡಬೇಡಿ.

ಯಂತ್ರ ನಿಜವಾಗಿ ಕೆಲಸ ಮಾಡುತ್ತದಾ ನೋಡಲು ಫಾಯಿಲ್ ಪರೀಕ್ಷೆ ಮಾಡಿ. ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಒಂದು ಪಟ್ಟಿ ಕತ್ತರಿಸಿ, ತೊಟ್ಟಿಯ ಉದ್ದಕ್ಕೂ ತಳಕ್ಕೆ ತಾಗದಂತೆ ನೇತುಹಾಕಿ, ಒಂದು ನಿಮಿಷ ಓಡಿಸಿ. ಆಫ್ ಮಾಡಿ ಎತ್ತಿ ಬೆಳಕಿಗೆ ಹಿಡಿಯಿರಿ. ಜರಡಿಯ ಹಾಗೆ ಸಣ್ಣ ತೂತು, ಕುಳಿ ಎಲ್ಲ ಕಡೆ ಹರಡಿದ್ದರೆ ಯಂತ್ರ ಸರಿಯಿದೆ. ಒಂದು ಬದಿಯಲ್ಲಿ ಮಾತ್ರ ತೂತಿದ್ದರೆ ಇನ್ನೊಂದು ಬದಿಯ ಟ್ರಾನ್ಸ್‌ಡ್ಯೂಸರ್ ಸತ್ತಿದೆ ಅಂತ ಅರ್ಥ, ವಾಪಸ್ ಕೊಡಿ. ಬರೀ ಮೋಟಾರಿನಿಂದ ಗಡಗಡ ನಡುಗಿಸಿ "ಅಲ್ಟ್ರಾಸೋನಿಕ್" ಅಂತ ಮಾರುವ ಆಟಿಕೆಗಳೂ ಇವೆ. ಅವುಗಳಲ್ಲಿ ಫಾಯಿಲ್ ಹಾಗೇ ಇರುತ್ತದೆ. 80, 120ರ ಯಂತ್ರಗಳಲ್ಲಿ ಏಟು ಮೆತ್ತಗೆ, ಅಲ್ಲಿ ತೂತಿನ ಬದಲು ಬರೀ ಸಣ್ಣ ಚುಕ್ಕೆ ಕಂಡರೆ ಗಾಬರಿ ಬೇಡ. ಪರೀಕ್ಷೆ ಆದ ಮೇಲೆ ಆ ನೀರು ಚೆಲ್ಲಿ ತೊಟ್ಟಿ ಒರೆಸಿ. ಫಾಯಿಲಿನ ಚೂರು ರೆಕಾರ್ಡಿಗೆ ಹೋಗಬಾರದು.

5. ನೀರು

ಬೋರ್‌ವೆಲ್ ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತದಲ್ವಾ? ಅದೇ ಪದರ ಗೆರೆಯೊಳಗೂ ಕಟ್ಟುತ್ತದೆ. ನಲ್ಲಿ ನೀರು ಬೇಡ. ಮನೆಯ ಆರ್‌ಒ ನೀರಿನಲ್ಲೂ ಲವಣ ಉಳಿದಿರುತ್ತದೆ, ಕುಡಿಯಲು ಸರಿ, ಇದಕ್ಕಲ್ಲ. ಎ.ಸಿ.ಯಿಂದ ತೊಟ್ಟಿಕ್ಕುವ ನೀರು ಶುದ್ಧ ಅಂತ ಕೆಲವರು ಹಿಡಿದಿಡುತ್ತಾರೆ. ಅದರಲ್ಲಿ ಧೂಳು, ಬೂಷ್ಟು ಇರುತ್ತದೆ.

ಬೇಕಾದ್ದು ಡಿಸ್ಟಿಲ್ಡ್ ಅಥವಾ ಡಿಎಂ ನೀರು. ಡಿಎಂ ಅಂದರೆ ಲವಣ ತೆಗೆದ ನೀರು. ಇನ್ವರ್ಟರ್ ಬ್ಯಾಟರಿಗೆ ಹಾಕುವುದು ಇದನ್ನೇ, 5 ಲೀಟರ್ ಕ್ಯಾನುಗಳಲ್ಲಿ ಬ್ಯಾಟರಿ ಅಂಗಡಿಯಲ್ಲಿ ಸಿಗುತ್ತದೆ. ಸೀಲ್ ಇರುವ ಕ್ಯಾನೇ ತಗೊಳ್ಳಿ. "ಬ್ಯಾಟರಿ ನೀರು" ಅಂತ ಕೇಳಿದರೆ ಕೆಲವೊಮ್ಮೆ ಆಸಿಡ್ ಕೊಟ್ಟುಬಿಡುತ್ತಾರೆ, ಲೇಬಲ್ ಓದಿ. ಮನೆಗೆ ತಂದ ಮೇಲೆ ಟಿಡಿಎಸ್ ಮೀಟರ್ ಅದ್ದಿ ನೋಡಿ. ನೀರಿನಲ್ಲಿ ಕರಗಿರುವ ಲವಣವನ್ನು ತೋರಿಸುವ ಪೆನ್ನಿನಂಥ ಮೀಟರ್ ಅದು, ಬೆಲೆ ಕೆಲವೇ ನೂರು ರೂಪಾಯಿ. 5ರೊಳಗೆ ಇದ್ದರೆ ಒಳ್ಳೆಯದು, 10 ದಾಟಿದರೆ ಆ ಕ್ಯಾನ್ ಇನ್ವರ್ಟರಿಗೇ ಇರಲಿ.

6. ನೀರಿಗೆ ಏನು ಬೆರೆಸಬೇಕು, ಏನು ಬೆರೆಸಬಾರದು

ಬರೀ ನೀರು ವಿನೈಲ್ ಮೇಲೆ ಕೆಸುವಿನ ಎಲೆಯ ಮೇಲಿನ ಹನಿಯಂತೆ ಉರುಳುತ್ತದೆ, ಗೆರೆಯೊಳಗೆ ಸರಿಯಾಗಿ ಇಳಿಯುವುದಿಲ್ಲ. ಅದನ್ನು ಹರಡಿಸಲು ಒಂದು ದ್ರವ ಬೇಕು. ವೆಟಿಂಗ್ ಏಜೆಂಟ್ ಅನ್ನುತ್ತಾರೆ. ಬಲ್ಲವರು ಬಳಸುವುದು ಟರ್ಜಿಟಾಲ್ 15-ಎಸ್-9. ಆರು ಲೀಟರಿಗೆ ಒಂದು ಮಿಲಿಲೀಟರ್, ಅಂದರೆ ಇಪ್ಪತ್ತು ಹನಿ ಸಾಕು. ಸಿಗದಿದ್ದರೆ ಫೋಟೋ ಫಿಲ್ಮ್ ತೊಳೆಯುವವರು ಕೊನೆಯ ನೀರಿಗೆ ಹಾಕುವ ಇಲ್ಫೋಟಾಲ್ ಅಥವಾ ಕೊಡಾಕ್ ಫೋಟೋ-ಫ್ಲೋ ಆಗುತ್ತದೆ. ಫೋಟೋ-ಫ್ಲೋವನ್ನು ಫಿಲ್ಮಿಗೆ ಒಂದು ಪಾಲಿಗೆ 200 ಪಾಲು ನೀರಿನ ಲೆಕ್ಕದಲ್ಲಿ ಹಾಕುತ್ತಾರೆ. ರೆಕಾರ್ಡಿಗೆ ಅದಕ್ಕಿಂತ ತುಂಬ ಕಡಿಮೆ ಸಾಕು. ಹೆಚ್ಚು ಹಾಕಿದರೆ ಹೆಚ್ಚು ಸ್ವಚ್ಛ ಆಗುವುದಿಲ್ಲ, ಉಳಿಕೆ ಹೆಚ್ಚುತ್ತದೆ.

ಪಾತ್ರೆ ತೊಳೆಯುವ ಲಿಕ್ವಿಡ್ ಬೇಡ. ಅದರಲ್ಲಿ ಬಣ್ಣ, ಪರಿಮಳ, ಉಪ್ಪು ಎಲ್ಲ ಇರುತ್ತದೆ. ನಾನು ಶುರುವಿನಲ್ಲಿ ಎರಡೇ ಹನಿ ತಾನೇ ಅಂತ ಹಾಕಿದ್ದೆ. ರೆಕಾರ್ಡ್ ನೋಡಲು ಕನ್ನಡಿಯಂತೆ ಹೊಳೆಯುತ್ತಿತ್ತು. ಒಂದು ಬದಿ ಕೇಳಿ ಮುಳ್ಳು ಎತ್ತಿದಾಗ ಅದರ ತುದಿಯಲ್ಲಿ ಅಕ್ಕಿಹಿಟ್ಟಿನಂಥ ಬಿಳಿ ಪುಡಿಯ ಉಂಡೆ ಕಟ್ಟಿತ್ತು. ಆ ಹನ್ನೆರಡು ರೆಕಾರ್ಡನ್ನೂ ಮತ್ತೆ ಎರಡು ಸಲ ಬರೀ ನೀರಲ್ಲಿ ತೊಳೆಯಬೇಕಾಯಿತು.

ಇನ್ನು ಐಪಿಎ. ಐಸೋಪ್ರೊಪೈಲ್ ಆಲ್ಕೋಹಾಲ್ ಅಂದರೆ ಆಸ್ಪತ್ರೆಯಲ್ಲಿ ಇಂಜೆಕ್ಷನ್‌ಗೆ ಮುಂಚೆ ಒರೆಸುವ ಸ್ಪಿರಿಟ್ಟಿನ ಜಾತಿ. ಬೇಗ ಒಣಗುತ್ತದೆ ಅಂತ ಕೆಲವರು ತೊಟ್ಟಿಗೆ ಸುರಿಯುತ್ತಾರೆ. ಅಪ್ಪಟ ಐಪಿಎಯ ಆವಿ ನಮ್ಮ ಮಾಮೂಲಿ ಕೋಣೆಯ ಬಿಸಿಯಲ್ಲೇ ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ. ಅಲ್ಟ್ರಾಸೋನಿಕ್ ತೊಟ್ಟಿ ಬಿಸಿಯಾಗುತ್ತದೆ, ದ್ರವವನ್ನು ಸಣ್ಣ ಹನಿಯಾಗಿ ಗಾಳಿಗೆ ಎಬ್ಬಿಸುತ್ತದೆ, ಪಕ್ಕದಲ್ಲೇ ಕರೆಂಟು. ಇಷ್ಟೆಲ್ಲ ಗೊತ್ತಿದ್ದೂ ಅಪಾಯ ಯಾಕೆ? ತೊಟ್ಟಿಗೆ ಐಪಿಎ ಬೇಡ. ಪೆಟ್ರೋಲು, ಥಿನ್ನರ್, ಅಸಿಟೋನ್ ಅಂತೂ ಮಾತೇ ಇಲ್ಲ. ಅಸಿಟೋನ್, ಥಿನ್ನರ್ ವಿನೈಲನ್ನೇ ಕೆಡಿಸುತ್ತವೆ.

7. ಮೊದಲು ಕೈಯಲ್ಲಿ ತೊಳೆಯಿರಿ

ಮಣ್ಣು ಮೆತ್ತಿದ ಕಾಲನ್ನು ಹೊರಗೆ ತೊಳೆದು ಒಳಗೆ ಬರುತ್ತೇವಲ್ಲ, ಹಾಗೆ. ದಪ್ಪ ಧೂಳು, ಜಿಡ್ಡು, ಬೂಷ್ಟು ಇರುವ ರೆಕಾರ್ಡನ್ನು ನೇರ ತೊಟ್ಟಿಗಿಳಿಸಿದರೆ ಆರು ಲೀಟರ್ ನೀರೂ ಹಾಳು, ಪಕ್ಕದ ಎರಡು ರೆಕಾರ್ಡಿಗೂ ಆ ಕೊಳೆ.

ಒಣಗಿದ ಬ್ರಷ್ಷಿನಿಂದ ಧೂಳು ತೆಗೆಯಿರಿ. ಆಮೇಲೆ ಮೇಲೆ ಹೇಳಿದಂತೆ ದ್ರವ ಬೆರೆಸಿದ ನೀರನ್ನೇ ಚಿಮುಕಿಸಿ, ಮೆತ್ತಗಿನ ನೈಲಾನ್ ಕೂದಲಿನ ಬ್ರಷ್ಷಿನಿಂದ ಗೆರೆ ಹೋಗುವ ದಿಕ್ಕಿನಲ್ಲೇ ಸುತ್ತ ತಿಕ್ಕಿ. ಅಡ್ಡಡ್ಡ ತಿಕ್ಕಬೇಡಿ. ಶುದ್ಧ ನೀರು ಹಾಯಿಸಿ.

ಮಲೆನಾಡು, ಕರಾವಳಿಯಿಂದ ಬಂದ ರೆಕಾರ್ಡಿನಲ್ಲಿ ಬೂಷ್ಟು ಇದ್ದೇ ಇರುತ್ತದೆ. ಟಾರ್ಚನ್ನು ಓರೆಯಾಗಿ ಹಿಡಿದರೆ ಜೇಡರ ಬಲೆಯ ಎಳೆಯಂತೆ ಬೂದು ಗುರುತು ಕಾಣುತ್ತದೆ. ಅಂಥದ್ದನ್ನು ಮಾಸ್ಕ್ ಹಾಕಿಕೊಂಡು, ಮನೆಯ ಹೊರಗೆ ತೊಳೆಯಿರಿ. ಒಣಗಿದ್ದಾಗ ಊದಬೇಡಿ. ಅದರ ಹಳೆಯ ಒಳಕವರನ್ನು ಬಿಸಾಡಿ.

8. ತೊಟ್ಟಿಯಲ್ಲಿ

ಹೊಸ ನೀರಿನಲ್ಲಿ ಗಾಳಿ ಕರಗಿರುತ್ತದೆ. ಅದಿದ್ದರೆ ಕ್ಯಾವಿಟೇಶನ್ ಮಂಕಾಗುತ್ತದೆ. ರೆಕಾರ್ಡ್ ಇಳಿಸದೆ ಹತ್ತು ನಿಮಿಷ ಯಂತ್ರ ಓಡಿಸಿ, ಸಣ್ಣ ಗುಳ್ಳೆಗಳು ಮೇಲೆ ಬಂದು ಹೋಗಲಿ. ಡಿಗ್ಯಾಸ್ ಅನ್ನುವುದು ಇದಕ್ಕೇ.

ನೀರಿನ ಮಟ್ಟ ತಳದಿಂದ ಸುಮಾರು 12.5 ಸೆಂ.ಮೀ. ಇರಲಿ. ರೆಕಾರ್ಡ್ ಇಳಿಸಿದಾಗ ನೀರು ಸ್ವಲ್ಪ ಏರುತ್ತದೆ. ಲೇಬಲ್‌ಗೆ ಅರ್ಧ ಸೆಂ.ಮೀ. ಕೆಳಗೆ ನಿಲ್ಲಬೇಕು. ರಬ್ಬರ್ ಬಿಲ್ಲೆ ಇದ್ದರೂ ಅದನ್ನು ನಂಬಿ ಲೇಬಲ್ ಮುಳುಗಿಸಬೇಡಿ, ಹಳೆಯ ಲೇಬಲ್ಲಿನ ಶಾಯಿ ಬಿಡುತ್ತದೆ.

ಮೂರಕ್ಕಿಂತ ಹೆಚ್ಚು ರೆಕಾರ್ಡ್ ಬೇಡ. ನೀರಿನಲ್ಲಿ 40 ಕಿಲೋಹರ್ಟ್ಸ್ ಅಲೆಯ ಉದ್ದ ಸುಮಾರು 3.7 ಸೆಂ.ಮೀ. ಎರಡು ರೆಕಾರ್ಡಿನ ನಡುವೆ ಅಷ್ಟು ಜಾಗ ಬಿಟ್ಟರೆ ಗುಳ್ಳೆಗಳು ಎರಡೂ ಬದಿಗೆ ತಲುಪುತ್ತವೆ. ಐದಾರು ತುರುಕಿದರೆ ನಡುವಿನವು ಸುಮ್ನೆ ನೆನೆದು ಬರುತ್ತವೆ ಅಷ್ಟೇ.

ಮೊದಲು ಮೋಟಾರು ಚಾಲೂ ಮಾಡಿ, ರೆಕಾರ್ಡ್ ತಿರುಗಲು ಶುರುವಾದ ಮೇಲೆ ಅಲ್ಟ್ರಾಸೋನಿಕ್ ಒತ್ತಿ. ನಿಲ್ಲಿಸುವಾಗ ಉಲ್ಟಾ: ಮೊದಲು ಅಲ್ಟ್ರಾಸೋನಿಕ್, ಆಮೇಲೆ ಮೋಟಾರು. ತಿರುಗದೆ ನಿಂತ ರೆಕಾರ್ಡಿನ ಒಂದೇ ಜಾಗಕ್ಕೆ ಏಟು ಬೀಳುತ್ತಿರಬಾರದು.

ಹೊತ್ತು: 10ರಿಂದ 15 ನಿಮಿಷ. ಒಂದು ಗಂಟೆ ಬಿಟ್ಟರೆ ಇನ್ನಷ್ಟು ಶುಭ್ರವಾಗುತ್ತದೆ ಅನ್ನುವುದು ತಪ್ಪು.

ಬಿಸಿ: ಎಲ್ಲಕ್ಕಿಂತ ಹೆಚ್ಚು ರೆಕಾರ್ಡ್ ಹಾಳಾಗುವುದು ಇದರಿಂದ. 35 ಡಿಗ್ರಿ ಸೆಲ್ಸಿಯಸ್ ಸಾಕು, 40 ದಾಟಬಾರದು. ಅದಕ್ಕಿಂತ ಮೇಲೆ ಹೋದಷ್ಟೂ ವಿನೈಲ್ ಮೆತ್ತಗಾಗುತ್ತ ಹೋಗುತ್ತದೆ. ಹೀಟರ್ ಆಫ್ ಇದೆ ಅಂತ ನಿರಾಳವಾಗಿ ಇರಬೇಡಿ. ಅಲ್ಟ್ರಾಸೋನಿಕ್ ನಡುಕವೇ ನೀರನ್ನು ಕಾಯಿಸುತ್ತದೆ. ಬೇಸಿಗೆಯಲ್ಲಿ ಕಲಬುರಗಿ, ಬಳ್ಳಾರಿ ಕಡೆ ಕ್ಯಾನಿನ ನೀರೇ 35 ಡಿಗ್ರಿ ಇರಬಹುದು. ಅಲ್ಲಿ ಬೆಳಿಗ್ಗೆ ಬೇಗ ತೊಳೆಯಿರಿ. ಯಂತ್ರದ ಪರದೆಯಲ್ಲಿ ತೋರಿಸುವ ಡಿಗ್ರಿ ನಂಬದೆ, ಬೇರೆ ಥರ್ಮಾಮೀಟರ್ ಇಟ್ಟು, ಪ್ರತಿ ಸುತ್ತಿಗೂ ಮೊದಲು ನೋಡಿ. 38 ಆಗಿದ್ದರೆ ಅರ್ಧ ಗಂಟೆ ನಿಲ್ಲಿಸಿ. ಬೇಗ ಮುಗಿಸಬೇಕು ಅನ್ನುವ ಆತುರ ಬರುವುದು ಮೂರನೇ ನಾಲ್ಕನೇ ಸುತ್ತಿನಲ್ಲಿ, ನೀರು ಕಾಯುವುದೂ ಆಗಲೇ.

9. ಎರಡನೇ ನೀರು

ಇದನ್ನು ಬಿಡುವವರು ಜಾಸ್ತಿ. ತೊಟ್ಟಿಯಿಂದ ತೆಗೆದ ರೆಕಾರ್ಡಿನ ಮೇಲೆ ಕೊಳೆ ಬೆರೆತ ನೀರೇ ಇರುತ್ತದೆ. ಏನೂ ಬೆರೆಸದ ಶುದ್ಧ ಡಿಎಂ ನೀರಿನಲ್ಲಿ ಮತ್ತೊಮ್ಮೆ ತೊಳೆಯಲೇಬೇಕು. ನೋಸ್ಟಿ ಥರದ ಇನ್ನೊಂದು ಸಣ್ಣ ತೊಟ್ಟಿ ಇದ್ದರೆ ಅದರಲ್ಲಿ ನಾಲ್ಕೈದು ಸುತ್ತು ತಿರುಗಿಸಿ. ಇಲ್ಲದಿದ್ದರೆ ರೆಕಾರ್ಡನ್ನು ಓರೆ ಹಿಡಿದು ಸ್ಪ್ರೇ ಬಾಟಲಿಯಿಂದ ಎರಡೂ ಬದಿಗೆ ಧಾರಾಳವಾಗಿ ಹೊಡೆಯಿರಿ, ಕೆಳಗಿನ ಅಂಚಿನಿಂದ ಇಳಿದುಹೋಗಲಿ.

ತೊಟ್ಟಿಯ ನೀರನ್ನು ಹದಿನೈದು ಇಪ್ಪತ್ತು ರೆಕಾರ್ಡಿಗೊಮ್ಮೆ ಬದಲಾಯಿಸಿ. ಬಿಳಿ ಲೋಟದಲ್ಲಿ ಸ್ವಲ್ಪ ತೆಗೆದು ನೋಡಿ, ಮಸುಕಾಗಿ ಕಂಡರೆ ಅದಕ್ಕೂ ಮೊದಲೇ ಚೆಲ್ಲಿ. ಅಕ್ವೇರಿಯಂ ಪಂಪಿಗೆ 1 ಮೈಕ್ರಾನ್ ಫಿಲ್ಟರ್ ಕ್ಯಾಂಡಲ್ ಜೋಡಿಸಿ ನೀರು ಸೋಸುವವರಿದ್ದಾರೆ. ಕೊಳೆಯ ಚೂರು ನಿಲ್ಲುತ್ತದೆ, ಕರಗಿದ ಜಿಡ್ಡು ನಿಲ್ಲುವುದಿಲ್ಲ. ರಾತ್ರಿ ತೊಟ್ಟಿಯಲ್ಲಿ ನೀರು ಬಿಡಬೇಡಿ. ಪ್ಲಗ್ಗು ತೆಗೆದು, ನಲ್ಲಿ ಬಿಟ್ಟು ಖಾಲಿ ಮಾಡಿ, ಒರೆಸಿಡಿ.

10. ಒಣಗಿಸುವುದು, ಕವರು

ಒಳ್ಳೆಯ ಉಪಾಯ ಅಂದರೆ ನೀರನ್ನು ಹೀರಿ ತೆಗೆಯುವ ವ್ಯಾಕ್ಯೂಮ್ ಯಂತ್ರ. ಒಕ್ಕಿ ನೊಕ್ಕಿ, ಪ್ರೊ-ಜೆಕ್ಟ್ ಇಂಥವನ್ನು ಮಾಡುತ್ತವೆ. ಕೊಳೆಯೂ ನೀರಿನ ಜೊತೆ ಹೊರಗೆ ಹೋಗುತ್ತದೆ. ಇದಿಲ್ಲದಿದ್ದರೂ ಪರವಾಗಿಲ್ಲ, ಎರಡನೇ ನೀರು ಶುದ್ಧವಾಗಿದ್ದರೆ ಸಾಕು. ಪಾತ್ರೆ ಸ್ಟ್ಯಾಂಡಿನಂಥ ಚೌಕಟ್ಟಿನಲ್ಲಿ ಅಂಚಿನ ಮೇಲೆ ನಿಲ್ಲಿಸಿ, ಫ್ಯಾನ್ ಸಣ್ಣಗೆ ಹಾಕಿ, ಧೂಳಿಲ್ಲದ ಕೋಣೆಯಲ್ಲಿ ಬಿಡಿ. ಬಿಸಿಲಿಗೆ ಇಡಬೇಡಿ, ಹೇರ್ ಡ್ರೈಯರ್ ಬೇಡ. ಮಳೆಗಾಲದಲ್ಲಿ ಇಡೀ ರಾತ್ರಿ ಬೇಕಾಗಬಹುದು. ನಡುವಿನ ರಂಧ್ರದ ಸುತ್ತ, ಲೇಬಲ್ ಅಂಚಿನಲ್ಲಿ ಹನಿ ನಿಂತಿರುತ್ತದೆ, ಮೈಕ್ರೋಫೈಬರ್ ಬಟ್ಟೆಯ ತುದಿಯಿಂದ ಒತ್ತಿ ತೆಗೆಯಿರಿ.

ಪೂರ್ತಿ ಒಣಗದೆ ಕವರಿಗೆ ಹಾಕಬೇಡಿ, ಬೂಷ್ಟು ಬರುತ್ತದೆ. ಹಳೆಯ ಕಾಗದದ ಒಳಕವರಿಗೆ ವಾಪಸ್ ಹಾಕುವುದು ಸ್ನಾನ ಮಾಡಿ ಕೊಳೆ ಬಟ್ಟೆ ಹಾಕಿಕೊಂಡ ಹಾಗೆ. ಪಾಲಿಥೀನ್ ಪದರ ಇರುವ ಹೊಸ ಒಳಕವರ್ ತಗೊಳ್ಳಿ. ಪಿವಿಸಿಯ ದಪ್ಪ ಕವರ್ ಬೇಡ, ಅದು ವರ್ಷಗಳಲ್ಲಿ ರೆಕಾರ್ಡಿನ ಮೇಲೆ ಮಂಜಿನಂಥ ಕಲೆ ಬಿಡುತ್ತದೆ. ಹಳೆಯ ಒಳಕವರಿನ ಮೇಲೆ ಅಪ್ಪನ ಸಹಿಯೋ, ಕೊಂಡ ತಾರೀಕೋ ಇದ್ದರೆ ಬೂಷ್ಟಿಲ್ಲ ಅಂತ ನೋಡಿಕೊಂಡು ಹೊರಕವರಿನಲ್ಲಿ ಬೇರೆಯಾಗಿ ಇಡಿ. ತೊಳೆದ ತಿಂಗಳು, ವರ್ಷವನ್ನು ಹೊಸ ಒಳಕವರಿನ ಮೂಲೆಯಲ್ಲಿ ಪೆನ್ಸಿಲಿನಲ್ಲಿ ಬರೆಯಿರಿ, ರೆಕಾರ್ಡ್ ಒಳಗೆ ಹಾಕುವ ಮೊದಲೇ.

11. ಮೊದಲ ಸಲ ಕೇಳುವಾಗ

ತೊಳೆದ ರೆಕಾರ್ಡ್ ಮೊದಲ ಸಲ ಹಾಕಿದಾಗ ಅಲ್ಲೊಂದು ಇಲ್ಲೊಂದು ಚಟ್ ಅನ್ನಬಹುದು. ಸಡಿಲವಾಗಿ ಉಳಿದ ಚೂರನ್ನು ಮುಳ್ಳು ಎತ್ತಿಕೊಂಡು ಬರುತ್ತದೆ. ಇಡೀ ಬದಿ ಒಂದೇ ಸಮ ಕರಕರ ಅಂದರೆ ಎರಡನೇ ನೀರು ಸಾಲಲಿಲ್ಲ ಅಂತ ಅರ್ಥ, ಆ ಹಂತವನ್ನು ಮಾತ್ರ ಮತ್ತೆ ಮಾಡಿ. ಎರಡು ಸಲ ತೊಳೆದ ಮೇಲೂ ಜೋರು ಹಾಡಿನಲ್ಲಿ ಗಾಯಕರ ಧ್ವನಿ ಒಡೆದು ಬರುತ್ತಿದ್ದರೆ ಅದು ಸವೆತ ಇರಬೇಕು. ಮೂರನೇ ಸಲ ತೊಳೆಯಬೇಡಿ.

ಮೊದಲ ಬದಿ ಮುಗಿದ ಕೂಡಲೇ ಮುಳ್ಳು ಎತ್ತಿ, ತುದಿಯನ್ನು ಬೆಳಕಿನಲ್ಲಿ ನೋಡಿ. ನೂಲಿನಂಥದ್ದು ಏನಾದರೂ ಕಂಡರೆ ಮುಳ್ಳಿನ ಬ್ರಷ್ಷಿನಿಂದ ಹಿಂದಿನಿಂದ ಮುಂದಕ್ಕೆ ಒಂದೇ ಸಲ ಎಳೆಯಿರಿ. ಆಮೇಲೆ ಎರಡನೇ ಬದಿ ಹಾಕಿ.